ಅಕ್ಕಡಿ ಸಾಲಿನ ಲೆಕ್ಕ

ಬಿ.ಎಸ್ಸಿ. ಅಗ್ರಿ ಓದುವವರನ್ನು ಕೊನೇ ವರ್ಷ ಒಂದು ಸೆಮಿಸ್ಟರ್ ಹಳ್ಳಿಗೆ ಕಳಿಸುತ್ತಾರೆ. ಸಿಲಬಸ್ಸಿನಲ್ಲಿ ಅದಕ್ಕೆ ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಹೆಸರು, ನಮ್ಮ ಬಾಯಲ್ಲಿ ಬರೀ ‘ರಾವೆ’. ಸೀನಿಯರ್‌ಗಳನ್ನು ಕೇಳಿದರೆ ಎರಡೇ ಬಗೆಯ ಉತ್ತರ. ‘ಮಜಾ ಮಾಡಿ, ಇಂಟರ್ನಲ್ಸ್ ಕಾಟ ಇರಲ್ಲ’ ಅನ್ನುವವರು ಕೆಲವರು. ‘ನಿಜವಾದ ಕಲಿಕೆ ಅಲ್ಲೇ ಇರೋದು, ಕ್ಲಾಸಲ್ಲಿ ಹೇಳಿದ್ದೆಲ್ಲ ಬರೀ ಬೂಸಾ’ ಅನ್ನುವವರು ಉಳಿದವರು. ಎರಡನೇ ಮಾತಿಗೆ ಬೀಳ್ಕೊಡುಗೆ ಸಮಾರಂಭದಲ್ಲಿ ಚಪ್ಪಾಳೆ ಗ್ಯಾರಂಟಿ. ಆದರೆ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಹಳ್ಳಿಯಲ್ಲಿದ್ದಾಗ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ನಾನು ತೂಕಡಿಸುತ್ತ ಕೇಳಿದ್ದ ಸ್ಟ್ಯಾಟಿಸ್ಟಿಕ್ಸ್ ಕ್ಲಾಸು. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ.

ನಮ್ಮಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್. ದಾವಣಗೆರೆಯಲ್ಲಿ ಬಾಡಿಗೆ ಮನೆ. ಪಹಣಿಯಲ್ಲಿ ನಮ್ಮ ಹೆಸರು ಎಲ್ಲೂ ಇಲ್ಲ. ನಾನು ಸೀಟು ತೆಗೆದುಕೊಂಡದ್ದು ಸಿಇಟಿ ರ‍್ಯಾಂಕಿನ ಮೇಲೆ. ರೈತರ ಮಕ್ಕಳ ಕೋಟಾದಲ್ಲಿ ಬರುವವರಿಗೆ ಬೇರೆ ಪ್ರಾಯೋಗಿಕ ಪರೀಕ್ಷೆಯೇ ಇರುತ್ತದೆ. ಬೀಜ, ಗೊಬ್ಬರ, ಸಲಕರಣೆ ಮುಂದಿಟ್ಟು ಗುರುತಿಸಲು ಹೇಳುತ್ತಾರೆ. ನನ್ನ ರೂಮ್‌ಮೇಟ್ ಹಾಗೆ ಬಂದವಳು. ಹುಚ್ಚೆಳ್ಳನ್ನು ಕಣ್ಣು ಮುಚ್ಚಿ ಕೈಯಲ್ಲೇ ಗುರುತಿಸುತ್ತಿದ್ದಳು. ನಾನು ಮೊದಲ ವರ್ಷ ಹುಚ್ಚೆಳ್ಳು ಯಾವುದು, ಎಳ್ಳು ಯಾವುದು ಅಂತ ರೆಕಾರ್ಡ್ ಬುಕ್ಕಿನ ಚಿತ್ರ ನೋಡಿ ಕಲಿತವಳು. ರಾವೆಗೆ ನಮ್ಮಿಬ್ಬರಿಗೂ ಒಂದೇ ಊರು ಬಿತ್ತು. ತುಮಕೂರು ಜಿಲ್ಲೆ, ಗುಬ್ಬಿ ತಾಲ್ಲೂಕು. ತಗ್ಗಿನಲ್ಲಿ ತೆಂಗು, ಅಡಿಕೆ. ಮೇಲಿನ ಹೊಲಗಳೆಲ್ಲ ಮಳೆ ನಂಬಿದ ರಾಗಿ.

ನಾವು ಹೋದಾಗ ಪುನರ್ವಸು ಮಳೆ ಮುಗಿಯುತ್ತ ಬಂದಿತ್ತು, ಅಂದರೆ ಜುಲೈ ನಡುವೆ. ಹೀಗೆ ಹೇಳುವುದನ್ನು ಕಲಿತದ್ದೂ ಅಲ್ಲೇ. ಮೊದಲ ವಾರದಲ್ಲಿ ಸಹಭಾಗಿತ್ವ ಸಮೀಕ್ಷೆ ಮಾಡಬೇಕು. ಊರಿನವರನ್ನೇ ಕರೆದು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಊರಿನ ನಕ್ಷೆ ಬಿಡಿಸುವುದು, ಕೆರೆ ಎಲ್ಲಿ, ಗೋಮಾಳ ಎಲ್ಲಿ ಅಂತ ಗುರುತು ಹಾಕುವುದು. ಅದು ಸಲೀಸಾಗಿ ಆಯಿತು. ಗಂಡಸರು ದೇವಸ್ಥಾನ, ರಸ್ತೆ ಹಾಕಿ ಕೈ ತೊಳೆದುಕೊಂಡರು. ಹೆಂಗಸರು ಬಂದು ನಲ್ಲಿ ಎಲ್ಲೆಲ್ಲಿದೆ, ಯಾವ ನಲ್ಲಿಯಲ್ಲಿ ನೀರು ಬರುವುದಿಲ್ಲ ಅಂತ ತುಂಬಿಸಿದರು. ಕಷ್ಟವಾದದ್ದು ಋತುಮಾನದ ನಕ್ಷೆ. ಶಾಲೆ ಅಂಗಳದಲ್ಲಿ ಹನ್ನೆರಡು ಮನೆ ಗೀಟು ಹಾಕಿ, ಜನವರಿಯಿಂದ ಡಿಸೆಂಬರ್‌ವರೆಗೆ ಬರೆದು, ಯಾವ ತಿಂಗಳಲ್ಲಿ ಏನು ಕೆಲಸ ಅಂತ ಕಾಳು ಇಟ್ಟು ತೋರಿಸಿ ಅಂದೆವು. ಒಬ್ಬ ತಾತ ಕೋಲಿನಲ್ಲಿ ನಮ್ಮ ಗೀಟುಗಳನ್ನು ತೋರಿಸಿ, ‘ತಿಂಗ್ಳು ಯಾರು ನೋಡ್ತಾರವ್ವಾ? ಮಳೆ ಹಾಕು. ಯಾವ ಮಳೇಲಿ ಏನು ಕೆಲ್ಸ ಅಂತ ಕೇಳು, ಹೇಳ್ತೀನಿ’ ಅಂದರು.

ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಅಂತ ಶುರು ಮಾಡಿ ಸ್ವಾತಿ, ವಿಶಾಖವರೆಗೆ ಒಂದೇ ಉಸಿರಿನಲ್ಲಿ ಹೇಳಿದರು. ಒಂದೊಂದಕ್ಕೂ ಒಂದೊಂದು ಗಾದೆ. ‘ಆರಿದ್ರಾ ಮಳೆ ಆರದೆ ಹುಯ್ಯುತ್ತೆ’, ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’. ನಮ್ಮ ಚಾರ್ಟು ರದ್ದಾಯಿತು, ಹೊಸದು ಬರೆದೆವು.

ಆವತ್ತು ರಾತ್ರಿ ಕೂತು ನಾನು ಇನ್ನೊಂದು ಕೆಲಸ ಮಾಡಿದೆ. ಕೃಷಿ ಹವಾಮಾನದ ಕ್ಲಾಸಿನಲ್ಲಿ ನಮಗೆ ವರ್ಷವನ್ನು 52 ವಾರಗಳಾಗಿ ಭಾಗಿಸಿದ ಪಟ್ಟಿಯೊಂದನ್ನು ಉರು ಹೊಡೆಸಿದ್ದರು. ಮಳೆ ಅಂಕಿಅಂಶವೆಲ್ಲ ಆ ವಾರಗಳ ಲೆಕ್ಕದಲ್ಲೇ. ತಾತ ಹೇಳಿದ ಮಳೆಗಳನ್ನು ಅದರ ಪಕ್ಕ ಬರೆದೆ. ಸೂರ್ಯ ಇಪ್ಪತ್ತೇಳು ನಕ್ಷತ್ರ ದಾಟುವುದಕ್ಕೆ ಒಂದು ವರ್ಷ, ಅಂದರೆ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಆರಿದ್ರಾ ಜೂನ್ 21-22ರ ಸುಮಾರಿಗೆ ಹುಟ್ಟುತ್ತದೆ, 25ನೇ ವಾರದ ನಡುವೆ. ಮುಗಿಯುವುದು 27ನೇ ವಾರದಲ್ಲಿ. ಯಾವ ವರ್ಷ ತೆಗೆದುಕೊಂಡರೂ ಒಂದು ದಿನ ಆಚೀಚೆ ಅಷ್ಟೆ. ಆಷಾಢ, ಶ್ರಾವಣ ಅಂತ ಹೇಳಿದ್ದರೆ ಚಾಂದ್ರಮಾನದ ತಿಂಗಳು ಅಧಿಕ ಮಾಸದ ಗಡಿಬಿಡಿಯಲ್ಲಿ ಹಿಂದೆ ಮುಂದೆ ಸರಿದುಬಿಡುತ್ತಿತ್ತು. ಹಬ್ಬಕ್ಕೆ ಚಂದ್ರನನ್ನು ನೋಡುವ ಅದೇ ತಾತ ಬಿತ್ತನೆಗೆ ಮಾತ್ರ ಸೂರ್ಯನನ್ನು ನೋಡುತ್ತಾರೆ. ಕ್ಲಾಸಿನ ಪಟ್ಟಿ ಕೈಯಲ್ಲಿ ಇಲ್ಲದಿದ್ದರೆ ನಾನು ಈ ಗಾದೆಗಳನ್ನು ‘ಜನಪದ’ ಅಂತ ರಿಪೋರ್ಟಿನ ಕೊನೇ ಪುಟಕ್ಕೆ ಹಾಕಿ ಸುಮ್ಮನಾಗುತ್ತಿದ್ದೆ.

ಪ್ರಾತ್ಯಕ್ಷಿಕೆಗಳ ಪಟ್ಟಿ ನಮ್ಮ ಕೈಗೆ ಕಾಲೇಜಿನಲ್ಲೇ ಕೊಟ್ಟಿದ್ದರು: ಬೀಜೋಪಚಾರ, ದನಕ್ಕೆ ಮೇವಾಗಿ ನೀರಿನ ತೊಟ್ಟಿಯಲ್ಲಿ ಬೆಳೆಸುವ ಅಜೋಲ್ಲಾ, ಮೈಲುತುತ್ತ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ, ಮಣ್ಣು ಮಾದರಿ. ಬೆಳಗ್ಗೆ ಹನ್ನೊಂದಕ್ಕೆ ಪಂಚಾಯ್ತಿ ಮುಂದೆ ಶಾಮಿಯಾನ ಹಾಕಿ ಮೈಕು ಹಿಡಿದರೆ ಬರುವವರು ಇಬ್ಬರು ಮೂವರು ಮುದುಕರು ಮತ್ತು ಶಾಲೆ ಮಕ್ಕಳು. ಬಿತ್ತನೆ ಸಮಯದಲ್ಲಿ ಹನ್ನೊಂದು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ? ಹಿಂದಿನ ಬ್ಯಾಚಿನವರು ಮಾಡಿಟ್ಟುಹೋಗಿದ್ದ ಅಜೋಲ್ಲಾ ತೊಟ್ಟಿಯ ಸಿಲ್ಪಾಲಿನ್ ಹಾಳೆ ಈಗ ಒಬ್ಬರ ಹುಲ್ಲಿನ ಮೆದೆ ಮೇಲಿತ್ತು. ಅದನ್ನು ನೋಡಿಯೇ ನಮಗೆ ಅರ್ಧ ಪಾಠ ಆಗಿತ್ತು.

ದಾರಿ ತೋರಿಸಿದ್ದು ನಾವು ಉಳಿದುಕೊಂಡಿದ್ದ ಮನೆಯ ಯಜಮಾನರ ಹೆಂಡತಿ. ‘ಡೇರಿ ಹತ್ರ ಮಾಡ್ರವ್ವಾ. ಸಂಜೆ ಹಾಲು ಹಾಕಕ್ಕೆ ಎಲ್ರೂ ಬರ್ತಾರೆ, ಗಂಡಸ್ರೂ ಬರ್ತಾರೆ ಹೆಂಗಸ್ರೂ ಬರ್ತಾರೆ’ ಅಂದರು. ಹಾಲು ಉತ್ಪಾದಕರ ಸಂಘದ ಕಟ್ಟಡದ ಮುಂದೆ ಸಂಜೆ ಕ್ಯಾನು, ಚೊಂಬು ಹಿಡಿದು ಸಾಲು ನಿಲ್ಲುತ್ತದೆ. ಕಾರ್ಯದರ್ಶಿ ಒಬ್ಬೊಬ್ಬರ ಹಾಲನ್ನೂ ಅಳೆದು, ಸ್ಯಾಂಪಲ್ ತೆಗೆದು, ಫ್ಯಾಟ್ ನೋಡಿ ಚೀಟಿ ಕೊಡುವಷ್ಟರಲ್ಲಿ ಕಾಯುವ ಸಮಯ ಇರುತ್ತದೆ. ಆ ಸಮಯ ನಮ್ಮದಾಯಿತು. ಒಂದು ಬಾಂಡಲಿಯಲ್ಲಿ ಬೀಜ, ರೋಗ ತಡೆಯುವ ಟ್ರೈಕೊಡರ್ಮಾ ಶಿಲೀಂಧ್ರದ ಪುಡಿ, ಸ್ವಲ್ಪ ಬೆಲ್ಲದ ನೀರು. ಕೆಜಿ ಬೀಜಕ್ಕೆ ನಾಲ್ಕು ಗ್ರಾಂ, ನೆರಳಲ್ಲಿ ಆರಿಸಿ. ಮಾತು ಐದು ನಿಮಿಷದ ಮೇಲೆ ಹೋದರೆ ಹಾಲು ಹಾಕಿದವರು ಹೊರಟುಬಿಡುತ್ತಾರೆ, ಹಾಗಾಗಿ ಪೀಠಿಕೆಗೆ ಜಾಗವೇ ಇಲ್ಲ. ಸೆಮಿನಾರಿನಲ್ಲಿ ಇಪ್ಪತ್ತು ಸ್ಲೈಡು ಮಾಡುತ್ತಿದ್ದ ನಾನು ‘ಎಷ್ಟು ಖರ್ಚು, ಎಲ್ಲಿ ಸಿಗುತ್ತೆ, ಯಾವಾಗ ಮಾಡಬೇಕು’ ಇಷ್ಟರಲ್ಲಿ ಮುಗಿಸುವುದನ್ನು ಕಲಿತೆ. ‘ಎಲ್ಲಿ ಸಿಗುತ್ತೆ’ ಅನ್ನುವುದಕ್ಕೆ ಉತ್ತರ ಇಲ್ಲದೆ ಪ್ರಾತ್ಯಕ್ಷಿಕೆ ಮಾಡಲೇಬಾರದು.

ಮಣ್ಣು ಮಾದರಿ ತೆಗೆಯುವುದು ನನಗೆ ಬಾಯಿಪಾಠ. ಮೇಲಿನ ಕಸ ಸರಿಸಿ, ‘ವಿ’ ಆಕಾರದಲ್ಲಿ ಗುಂಡಿ ತೋಡಿ, ಆರಂಗುಲ ಆಳದವರೆಗೆ ಪಕ್ಕದ ಮಣ್ಣನ್ನು ಒಂದೇ ಸಮ ಕೆರೆದು ತೆಗೆಯಬೇಕು. ಹೊಲದ ತುಂಬ ಅಂಕುಡೊಂಕಾಗಿ ನಡೆದು ಹತ್ತು ಹದಿನೈದು ಕಡೆ ತೆಗೆದು, ಎಲ್ಲ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಬಿಸಾಡಿ, ಹೀಗೆ ಅರ್ಧ ಕೆಜಿ ಉಳಿಯುವವರೆಗೆ. ಬದು, ಮರದ ನೆರಳು, ಗೊಬ್ಬರದ ಗುಡ್ಡೆ ಇದ್ದ ಜಾಗ ಬಿಡಬೇಕು. 2015ರಲ್ಲಿ ಮಣ್ಣು ಆರೋಗ್ಯ ಚೀಟಿ ಯೋಜನೆ ಬಂದ ಮೇಲೆ ಈ ಚಿತ್ರ ಎಲ್ಲ ಕರಪತ್ರದಲ್ಲೂ ಇದೆ. ನಮ್ಮ ಯಜಮಾನರ ಹೊಲದಲ್ಲಿ ಬದು ಕಾಣುತ್ತಿತ್ತು, ಮರ ಕಾಣುತ್ತಿತ್ತು, ತಿಪ್ಪೆ ಎಲ್ಲೂ ಇರಲಿಲ್ಲ. ಮೂಡಲ ಮೂಲೆಯಲ್ಲಿ ಗುದ್ದಲಿ ಹಾಕುವಷ್ಟರಲ್ಲಿ ಅವರು, ‘ಅಲ್ಲಿ ಬೇಡ ಕಣಮ್ಮ. ನಮ್ಮಪ್ಪನ ಕಾಲದಾಗೆ ಅಲ್ಲಿ ತಿಪ್ಪೆ ಇತ್ತು. ಇವತ್ತಿಗೂ ಅಲ್ಲಿ ರಾಗಿ ಎದ್ದು ಮಲಗ್ತದೆ’ ಅಂದರು. ಕಾಳು ತುಂಬುವ ಹೊತ್ತಿಗೆ ಬೆಳೆ ಅತಿಯಾಗಿ ಬೆಳೆದು ನೆಲಕ್ಕೆ ಒರಗಿಬಿಡುತ್ತದೆ ಅಂತ ಅರ್ಥ. ಗೊಬ್ಬರದ ಜಾಗ ಬಿಡು ಅನ್ನುವುದು ಪುಸ್ತಕದಲ್ಲಿತ್ತು. ಆ ಜಾಗ ಯಾವುದು ಅನ್ನುವುದು ಅವರಿಗೆ ಗೊತ್ತಿತ್ತು. ಅವರನ್ನು ಮನೆಯಲ್ಲಿ ಕೂರಿಸಿ ನಾವೇ ಮಾದರಿ ತಂದಿದ್ದರೆ ಲ್ಯಾಬಿನಿಂದ ಅಚ್ಚುಕಟ್ಟಾದ ಚೀಟಿಯೇನೋ ಬರುತ್ತಿತ್ತು.

ರಾಗಿ ಬಿತ್ತನೆ ಪುಷ್ಯ ಮಳೆಯಲ್ಲಿ ಆಯಿತು. ತಳಿ ಜಿಪಿಯು-28, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ್ದು, 110ರಿಂದ 115 ದಿನದ್ದು. ತಾತನಿಗೆ ಮಾತ್ರ ಇಂಡಾಫ್ ಮೇಲೇ ಪ್ರೀತಿ. ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಕೊಟ್ಟ ತಳಿಗಳು ಅವು. ನಮ್ಮ ಬ್ರೀಡಿಂಗ್ ಪ್ರ್ಯಾಕ್ಟಿಕಲ್‌ನಲ್ಲಿ ರಾಗಿ ಹೂವನ್ನು ಲೆನ್ಸಿನಲ್ಲಿ ನೋಡಿ, ಸೂಜಿಯಿಂದ ಕೇಸರ ತೆಗೆಯಲು ಹೋಗಿ ಇಡೀ ಬ್ಯಾಚು ಕೈಚೆಲ್ಲಿತ್ತು. ಅಷ್ಟು ಸಣ್ಣದು. ಎರಡು ತಳಿಯ ತೆನೆಗಳನ್ನು ಒತ್ತಟ್ಟಿಗೆ ಕಟ್ಟಿ ಕವರು ಹಾಕಿ, ಅದೃಷ್ಟಕ್ಕೆ ಬೆರಕೆಯಾದ ಕಾಳನ್ನು ಮುಂದಿನ ಬೆಳೆಯಲ್ಲಿ ಹುಡುಕುವ ವಿಧಾನವೂ ಇದೆ. ಇದನ್ನೆಲ್ಲ ತಾತನಿಗೆ ಹೇಳಿದಾಗ, ಅರ್ಧ ಆಯುಷ್ಯ ಇಂಡಾಫ್ ಬೆಳೆದ ಅವರು, ‘ಓ, ರಾಗೀಲೂ ಹೂವಾಯ್ತದಾ!’ ಅಂತ ತೆನೆ ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

ಮೂರು ವಾರದ ಪೈರಿನ ಮೇಲೆ ಹಲುಬೆ ಹೊಡೆದದ್ದನ್ನು ನೋಡಿದಾಗ ನನಗೆ ಎದೆ ಧಸಕ್ಕೆಂದಿತು. ಎತ್ತು ಕಟ್ಟಿದ ಹಲ್ಲಿನ ಹಲಗೆ ಬೆಳೆಯ ಮೇಲೇ ಬಾಚಣಿಗೆಯಂತೆ ಹಾದು ಹೋಗುತ್ತದೆ. ಹಿಂದೆ ತಿರುಗಿ ನೋಡಿದರೆ ಪೈರೆಲ್ಲ ಮಣ್ಣು ಮೆತ್ತಿಕೊಂಡು ಅಡ್ಡ ಬಿದ್ದಿದೆ, ಕೆಲವು ಬೇರು ಸಮೇತ ಎದ್ದಿವೆ. ‘ಅಣ್ಣ, ಬೆಳೆ ಹೋಯ್ತಲ್ಲ’ ಅಂದೆ. ಯಜಮಾನರು ನಕ್ಕರು, ಅಷ್ಟೆ. ಮೇಲೆ ಮಘೆ ಮಳೆ ಒಂದು ಹದ ಬಿತ್ತು. ವಾರ ಕಳೆಯುವಷ್ಟರಲ್ಲಿ ಒಂದೊಂದು ಬುಡದಲ್ಲೂ ತೆಂಡೆ, ಅಂದರೆ ಹೊಸ ಕವಲು, ಒಡೆದಿತ್ತು. ಒತ್ತಾದ ಪೈರು ತೆಳುವಾಗಿ, ಕಳೆ ಕಿತ್ತುಬಂದು, ಮಣ್ಣು ಸಡಿಲವಾಗಿ, ಮೂರು ಕೆಲಸ ಒಂದೇ ಸಲಕ್ಕೆ. ಆದರೆ ಮಳೆ ಬರುವ ಸೂಚನೆ ಇಲ್ಲದೆ ಹಲುಬೆ ಹೊಡೆದರೆ ಬೆಳೆ ನಿಜವಾಗಿಯೂ ಹೋಗುತ್ತದಂತೆ. ಎತ್ತಿರುವವರು ಊರಲ್ಲಿ ನಾಲ್ಕೈದು ಮನೆ ಮಾತ್ರ ಉಳಿದಿರುವುದರಿಂದ, ಹದ ಇದ್ದ ದಿನ ಎತ್ತು ಸಿಗದೆ, ಎತ್ತು ಸಿಕ್ಕ ದಿನ ಹದ ಇಲ್ಲದೆ ಪರದಾಡಿದವರನ್ನೂ ನೋಡಿದೆ.

ಉತ್ತರೆ ಮಳೆ ಹೊತ್ತಿಗೆ ಪಕ್ಕದ ಹೊಲದವರು ನಮ್ಮನ್ನು ಕರೆದರು. ಅವರದು ಮನೆಯಲ್ಲೇ ಇಟ್ಟುಕೊಂಡು ಬಂದ ಹಳೇ ಬೀಜ. ಎಲೆಯೆಲ್ಲ ಬಣ್ಣಗೆಟ್ಟಿದೆ, ಯೂರಿಯಾ ಕಡಿಮೆಯಾಯಿತೇನೋ, ಇನ್ನೊಂದು ಮೂಟೆ ತರಿಸಿದ್ದೇನೆ ಅಂದರು. ಎಲೆ ತಿರುಗಿಸಿ ನೋಡಿದೆ. ಎರಡೂ ತುದಿ ಚೂಪಾದ, ನಡುವೆ ಬೂದಿ ಬಣ್ಣದ, ಸುತ್ತ ಕಂದು ಅಂಚಿನ ಮಚ್ಚೆಗಳು. ಪೆಥಾಲಜಿ ಪರೀಕ್ಷೆಯಲ್ಲಿ ಹತ್ತು ಸಲ ಬರೆದ ಬೆಂಕಿರೋಗದ ಚಿತ್ರ. ಬೆಂಕಿರೋಗಕ್ಕೆ ಯೂರಿಯಾ ಹಾಕಿದರೆ ಇನ್ನೂ ಹಬ್ಬುತ್ತದೆ. ಮೂಟೆ ಬಿಚ್ಚುವುದು ಬೇಡ ಅಂದೆವು, ಮಚ್ಚೆಯ ಫೋಟೊ ನಮ್ಮ ಮೇಡಂಗೆ ಕಳಿಸಿ ಖಾತ್ರಿ ಮಾಡಿಕೊಂಡು ಯಾವ ಔಷಧಿ ಎಷ್ಟು ಅಂತ ಬರೆದುಕೊಟ್ಟೆವು. ಒಂದು ಮೂಟೆ ದುಡ್ಡೂ ಉಳಿಯಿತು, ತೆನೆಯ ಕುತ್ತಿಗೆಗೆ ಬರುವ ಇಲುಕು ರೋಗವೂ ಅಷ್ಟಾಗಿ ಬರಲಿಲ್ಲ. ‘ಕ್ಲಾಸಲ್ಲಿ ಹೇಳಿದ್ದೆಲ್ಲ ಬೂಸಾ’ ಅನ್ನುವ ಸೀನಿಯರ್‌ಗಳು ಆ ಹೊಲದ ಬದುವಿನ ಮೇಲೆ ಇರಬೇಕಿತ್ತು.

ಈಗ ಸ್ಟ್ಯಾಟಿಸ್ಟಿಕ್ಸ್ ವಿಷಯ. ನಮ್ಮ ಯಜಮಾನರು ಗೊಬ್ಬರದ ಅಂಗಡಿಯಿಂದ ಒಂದು ಬಾಟಲಿ ಟಾನಿಕ್ ತಂದಿದ್ದರು. ಹಿಂದಿನ ವರ್ಷ ಕೆಳಗಿನ ಹೊಲಕ್ಕೆ ಹೊಡೆದಿದ್ದರಂತೆ, ಮೇಲಿನ ಹೊಲಕ್ಕೆ ಹೊಡೆದಿರಲಿಲ್ಲವಂತೆ. ಕೆಳಗಿನದು ಎರಡು ಚೀಲ ಜಾಸ್ತಿ ಬಂತು, ಇನ್ನೇನು ಬೇಕು ಸಾಕ್ಷಿ? ಕೆಳಗಿನ ಹೊಲ ತಗ್ಗು. ಮಳೆ ಬಂದರೆ ಮೇಲಿನ ಮಣ್ಣೂ ನೀರೂ ಇಳಿದು ಅಲ್ಲೇ ನಿಲ್ಲುತ್ತದೆ. ಟಾನಿಕ್ ಹೊಡೆಯದಿದ್ದರೂ ಅಲ್ಲಿ ಹೆಚ್ಚೇ ಬರುತ್ತಿತ್ತು ಅನ್ನಿಸಿತು. ಅನ್ನಿಸಿದರೆ ಸಾಲದಲ್ಲ. ನಾವು ಬೋರ್ಡಿನ ಮೇಲೆ ಎಷ್ಟೋ ಸಲ ಬಿಡಿಸಿದ ಬ್ಲಾಕ್ ಡಿಸೈನ್ ನೆನಪಾಯಿತು. ಭೂಮಿಯ ಫಲವತ್ತತೆ ಯಾವ ದಿಕ್ಕಿಗೆ ಬದಲಾಗುತ್ತದೋ ನೋಡಿಕೊಂಡು ಹೊಲವನ್ನು ಬ್ಲಾಕ್ ಮಾಡಿ, ಪ್ರತಿ ಬ್ಲಾಕಿನಲ್ಲೂ ಎಲ್ಲ ಉಪಚಾರವೂ ಬರುವಂತೆ, ಯಾವುದು ಎಲ್ಲಿ ಅನ್ನುವುದನ್ನು ಚೀಟಿ ಎತ್ತಿ ನಿರ್ಧರಿಸುವುದು. ಕ್ಲಾಸಿನಲ್ಲಿ ಎಫ್ ಟೇಬಲ್ ಅನ್ನುವ ಅಂಕಿಗಳ ಪಟ್ಟಿ ನೋಡುತ್ತ ಇದೆಲ್ಲ ಯಾವನೋ ಗಣಿತದವನು ನಮ್ಮ ತಲೆ ತಿನ್ನಲು ಮಾಡಿದ್ದು ಅಂದುಕೊಂಡಿದ್ದೆ. ಆದರೆ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1920ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ ಇದನ್ನು ಕಟ್ಟಿದ್ದು ಹೊಲದ ಪ್ರಯೋಗಗಳಿಗಾಗಿಯೇ. ಗೊಬ್ಬರದ ಗುಣವನ್ನು ಮಣ್ಣಿನ ಗುಣದಿಂದ ಬೇರ್ಪಡಿಸುವುದು ಹೇಗೆ ಅನ್ನುವುದೇ ಅಲ್ಲಿನ ತೊಡಕು. ಅದೇ ತೊಡಕು ಗುಬ್ಬಿ ತಾಲ್ಲೂಕಿನ ಈ ಎರಡು ಹೊಲಗಳ ನಡುವೆ ಇತ್ತು.

‘ಅಣ್ಣ, ಎರಡೂ ಹೊಲದಲ್ಲಿ ಪಟ್ಟೆ ಪಟ್ಟೆ ಮಾಡೋಣ. ಒಂದು ಪಟ್ಟೆಗೆ ಹೊಡೀರಿ, ಒಂದು ಬಿಡಿ’ ಅಂದೆ. ಚೀಟಿ ಎತ್ತುವುದು ಅವರಿಗೆ ಬಹಳ ಇಷ್ಟವಾಯಿತು. ಮನೆಯ ಮಗುವಿನ ಕೈಲಿ ಎತ್ತಿಸಿದರು. ಗೂಟ ಹುಗಿದು ಗುರುತು ಮಾಡಿದೆವು. ಕೊಯ್ಲಿನ ಹೊತ್ತಿಗೆ ಪಟ್ಟೆ ಪಟ್ಟೆಯ ತೆನೆ ಬೇರೆ ಬೇರೆ ಬಡಿದು ತೂಗಿದೆವು. ಕೆಳಗಿನ ಹೊಲದ ಎಲ್ಲ ಪಟ್ಟೆಗಳೂ ಮೇಲಿನವಕ್ಕಿಂತ ಹೆಚ್ಚು ತೂಗಿದವು. ಹೊಡೆದದ್ದಕ್ಕೂ ಬಿಟ್ಟದ್ದಕ್ಕೂ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಕಾಣಲಿಲ್ಲ. ಯಜಮಾನರು ತೂಕದ ಹಾಳೆಯನ್ನು ನನಗಿಂತ ಚೆನ್ನಾಗಿ ಓದಿದರು. ‘ಅಂದ್ರೆ ನೀರು ಕೊಟ್ಟಿದ್ದನ್ನ ಬಾಟ್ಲಿ ಕೊಟ್ಟಿದ್ದು ಅಂದ್ಕೊಂಡಿದ್ದೆ’ ಅಂದರು.

ನಾನು ಗೆದ್ದ ಹಾಗೆ ನಿಂತಿದ್ದೆ. ಅವರು ಮುಂದುವರಿಸಿದರು: ‘ಆದ್ರೂ ಮುಂದಿನ ವರ್ಷ ಒಂದು ಬಾಟ್ಲಿ ತರಲೇಬೇಕು ಕಣಮ್ಮ. ಆ ಅಂಗ್ಡಿಯವ್ನು ನಂಗೆ ಗೊಬ್ರ ಸಾಲ ಕೊಡ್ತಾನೆ. ಬಾಟ್ಲಿ ಬೇಡ ಅಂದ್ರೆ ಗೊಬ್ರನೂ ಇಲ್ಲ ಅಂತಾನೆ.’ ಬ್ಲಾಕ್ ಡಿಸೈನಿನಲ್ಲಿ ಇದಕ್ಕೆ ಕಾಲಂ ಇಲ್ಲ. ನಮ್ಮ ಎಕನಾಮಿಕ್ಸ್ ನೋಟ್ಸಿನಲ್ಲಿ ‘ಸಾಲದ ಮೂಲಗಳು’ ಅಂತ ಒಂದು ಪಾಠ ಇದೆ, ಅದರಲ್ಲೂ ಅಂಗಡಿ ಸಾಲದ ಬಡ್ಡಿ ಬಾಟಲಿ ರೂಪದಲ್ಲಿ ಇರುತ್ತದೆ ಅಂತ ಬರೆದಿಲ್ಲ. ಆಮೇಲೆ ಸೊಸೈಟಿ ಸಾಲಕ್ಕೆ ಏನೇನು ಕಾಗದ ಬೇಕು ಅಂತ ವಿಚಾರಿಸಿ ಬಂದೆವು. ಹೊಲ ಇನ್ನೂ ತಂದೆಯ ಹೆಸರಿನಲ್ಲೇ ಇತ್ತು, ಪೌತಿ ಖಾತೆ ಆಗಿರಲಿಲ್ಲ. ನಾವಿದ್ದಷ್ಟು ದಿನದಲ್ಲಿ ಅದು ಬಗೆಹರಿಯಲಿಲ್ಲ.

ಇನ್ನು ಅಕ್ಕಡಿ. ನನ್ನ ರಿಪೋರ್ಟಿನ ವಿಷಯವೇ ಅದಾಗಿತ್ತು. ರಾಗಿಯ ನಡುವೆ ಇಂತಿಷ್ಟು ಸಾಲಿಗೊಂದು ಅಕ್ಕಡಿ ಸಾಲು ಬಿಟ್ಟು ಬೇರೆ ಕಾಳು ಹಾಕುತ್ತಾರೆ. ಶಿಫಾರಸು ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ. ಆದರೆ ಬಿತ್ತನೆ ದಿನ ಕೂರಿಗೆ ಹಿಂದೆ ಬಿದಿರಿನ ಕೊಳವೆ ಹಿಡಿದು ನಡೆದ ಅಜ್ಜಿಯ ಮಡಿಲಲ್ಲಿ ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು ಎಲ್ಲ ಬೆರೆತಿದ್ದವು. ಬದುವಿನುದ್ದಕ್ಕೂ ಹರಳು, ಒಂದಿಷ್ಟು ಜೋಳ. ‘ಯಾವುದು ಎಷ್ಟು ಅಜ್ಜಿ?’ ಅಂದರೆ ‘ಕೈಗೆ ಬಂದಷ್ಟು’ ಅಂದರು.

ಮಿಶ್ರ ಬೆಳೆ ಲಾಭವೋ ಅಲ್ಲವೋ ನೋಡಲು ನಮಗೆ ಒಂದು ಸೂತ್ರ ಇದೆ, ಎಲ್‌ಇಆರ್ (ಲ್ಯಾಂಡ್ ಇಕ್ವಿವಲೆಂಟ್ ರೇಶಿಯೊ) ಅಂತ. ಒಂದೊಂದು ಬೆಳೆಯೂ ಬೆರಕೆಯಲ್ಲಿ ಕೊಟ್ಟ ಇಳುವರಿಯನ್ನು, ಅದೇ ಬೆಳೆ ಒಂಟಿಯಾಗಿ ಕೊಡುವ ಇಳುವರಿಯಿಂದ ಭಾಗಿಸಿ ಎಲ್ಲವನ್ನೂ ಕೂಡುವುದು. ಒಂದಕ್ಕಿಂತ ಹೆಚ್ಚು ಬಂದರೆ ಬೆರಕೆ ಲಾಭ. ರಾಗಿ ತೂಗಿದೆ, ಸರಿ. ತೊಗರಿಯೂ ಒಂದೇ ಸಲ ಕೊಯ್ಲಿಗೆ ಬರುತ್ತದೆ, ತೂಗಬಹುದು. ಅವರೆ ಮತ್ತು ಅಲಸಂದೆ ಕೈಗೆ ಸಿಗಲಿಲ್ಲ. ಅಜ್ಜಿ ಹೊಲಕ್ಕೆ ಹೋದಾಗಲೆಲ್ಲ ಸೆರಗಿನಲ್ಲಿ ಒಂದು ಹಿಡಿ ಕಾಯಿ ಕಿತ್ತು ತರುತ್ತಿದ್ದರು. ಒಂದು ದಿನ ಸಾರಿಗೆ, ಒಂದು ದಿನ ಪಲ್ಯಕ್ಕೆ, ಮತ್ತೊಂದು ದಿನ ಮಗಳ ಮನೆಗೆ, ದಾರಿಯಲ್ಲಿ ಸಿಕ್ಕ ನೆಂಟರಿಗೆ. ಅಲಸಂದೆ ಸೊಪ್ಪನ್ನೂ ಕಿತ್ತು ಬೇಯಿಸುತ್ತಿದ್ದರು, ಅದು ಇಳುವರಿಯೋ ನಷ್ಟವೋ? ತಕ್ಕಡಿ ಕೊಟ್ಟು ‘ತಂದಾಗೆಲ್ಲ ತೂಗಿ ಬರೆಸಿ ಅಜ್ಜಿ’ ಅಂದೆ. ನಾಲ್ಕು ದಿನ ತೂಗಿಸಿದರು. ಐದನೇ ದಿನ ‘ಉಣ್ಣೋದನ್ನ ತೂಗಬಾರದು, ತೆಗೆದಿಡು ಅದನ್ನ’ ಅಂದರು.

ಸಂಕ್ರಾಂತಿ ಹೊತ್ತಿಗೆ ಮತ್ತೆ ಹೋದಾಗ ಸೊಗಡವರೆ ಕಾಲ. ಹಿತಕಿದ ಬೇಳೆ ಸಾರು, ಮುದ್ದೆ. ಉಂಡು ಬಂದೆ, ಆ ಅಂಕಿಯೂ ರಿಪೋರ್ಟಿನಲ್ಲಿ ಇಲ್ಲ.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ನೇರ ಆ ಟೇಬಲ್ಲಿಗೇ ಬೆರಳಿಟ್ಟರು. ‘ಅವರೆ ಕಾಲಂ ಖಾಲಿ ಬಿಟ್ಟಿದ್ದೀಯಲ್ಲಮ್ಮ? ಅಂದಾಜು ಹಾಕಬಹುದಿತ್ತು.’ ಕೆಳಗೆ ಬರೆದಿದ್ದ ಟಿಪ್ಪಣಿ ತೋರಿಸಿದೆ: ಮನೆ ಬಳಕೆಗೆ ದಿನವೂ ಕಿತ್ತದ್ದು ಲೆಕ್ಕಕ್ಕೆ ಸಿಕ್ಕಿಲ್ಲ; ಆದ್ದರಿಂದ ಇಲ್ಲಿ ಕೊಟ್ಟ ಎಲ್‌ಇಆರ್ ನಿಜಕ್ಕಿಂತ ಕಡಿಮೆ. ಅವರು ಒಮ್ಮೆ ಓದಿದರು. ‘ಸಂಶೋಧನಾ ಕೇಂದ್ರದ ಪ್ಲಾಟಿನಲ್ಲಿ ಅಜ್ಜಿ ಇರಲ್ಲ, ಅಲ್ವಾ’ ಅಂತ ನಕ್ಕು ಮುಂದಿನ ಪುಟ ತಿರುಗಿಸಿದರು. ಪಕ್ಕದಲ್ಲಿದ್ದ ನಮ್ಮ ಗೈಡ್ ಮಾತ್ರ ನಗಲಿಲ್ಲ. ಅವರು ಆ ಕಾಲಂ ತುಂಬು ಅಂತ ಮೊದಲೇ ಹೇಳಿದ್ದರು.

ಎಂ.ಎಸ್ಸಿ.ಗೆ ಐಸಿಎಆರ್ (ಭಾರತೀಯ ಕೃಷಿ ಅನುಸಂಧಾನ ಪರಿಷತ್ತು) ಪ್ರವೇಶ ಪರೀಕ್ಷೆಗೆ ಓದುತ್ತಿದ್ದೇನೆ. ಕೃಷಿ ಸಂಖ್ಯಾಶಾಸ್ತ್ರ ತೆಗೆದುಕೊಳ್ಳುತ್ತೇನೆ ಅಂದಾಗ ರೂಮ್‌ಮೇಟ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊನ್ನೆ ಯಜಮಾನರು ಫೋನ್ ಮಾಡಿದ್ದರು. ಈ ವರ್ಷ ಆರಿದ್ರಾ ಕೈಕೊಟ್ಟಿದೆ, ಪುನರ್ವಸುವೂ ಹಾಗೇ ಹೋಗುತ್ತಿದೆ, ಜಿಪಿಯು-28 ಬಿಟ್ಟು ಇನ್ನೂ ಬೇಗ ಬರುವ ರಾಗಿ ಹಾಕಲಾ ಅಂತ ಕೇಳಿದರು. ಎಂಎಲ್-365, ಜಿಪಿಯು-48 ಅಂತ ಹೆಸರುಗಳು ನಾಲಿಗೆ ತುದಿಯಲ್ಲೇ ಇದ್ದವು.

‘ಅಣ್ಣ, ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಯಾವ ಬೀಜ ಸ್ಟಾಕ್ ಇದೆ ಕೇಳಿಕೊಂಡು ಬನ್ನಿ. ಕೂರಿಗೆಯವರು ಯಾವತ್ತು ಸಿಗ್ತಾರೆ ಅಂತಲೂ ಕೇಳಿ. ಆಮೇಲೆ ತಳಿ ಮಾತಾಡೋಣ’ ಅಂದೆ.